ಬಣ್ಣದ ಡಬ್ಬಿಯ ಲೆಕ್ಕ

ಕೂತು ಮಾತಾಡುವ ಜಾಗಕ್ಕೆ ನನ್ನನ್ನು ಕರೆಯಲೇಬಾರದು. ಬಟ್ಟೆ ತೊಳೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನನ್ನದು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವವಳು. ಕುರ್ಚಿಯಲ್ಲಿ ಕೂತರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತದೆ. ಅದರಲ್ಲೂ ಆವತ್ತು ಶಾಲೆಯಲ್ಲಿ ಟೀಚರ್ ನನಗೆ ಕೊಟ್ಟದ್ದು ನಾಲ್ಕನೇ ಕ್ಲಾಸಿನ ಮಕ್ಕಳ ಕುರ್ಚಿ. ಮೊಣಕಾಲು ಬಂದು ಗಲ್ಲಕ್ಕೆ ತಾಗುತ್ತಿತ್ತು. ಅಂಗಡಿಯಲ್ಲಿ ನೆನೆಸಿಟ್ಟ ಬಟ್ಟೆ ಹಾಗೇ ಇತ್ತು. ಇವರು ಬೇಗ ಹೇಳಿ ಮುಗಿಸಬಾರದೇ ಎಂದು ನಾನು ಚಡಪಡಿಸುತ್ತಿದ್ದೆ.

ಪಕ್ಕದಲ್ಲಿ ನನ್ನ ತಮ್ಮನ ಮಗಳು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದಳು. ಮನೆಯಲ್ಲಿ ಅವಳನ್ನು ಬುಗುರಿ ಅನ್ನುತ್ತೇವೆ. ಒಂದು ಕಡೆ ನಿಂತವಳಲ್ಲ. ಸೋದರತ್ತೆಯನ್ನೇ ಹೋತು ಹುಟ್ಟಿದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ.

"ಮುಚ್ಚಿಟ್ಟು ಮಾತಾಡಲ್ಲ, ಅಮ್ಮ," ಅಂದರು ಟೀಚರ್. "ಓದೋದರಲ್ಲೂ ಹಿಂದೆ ಇದ್ದಾಳೆ, ಭಿನ್ನರಾಶಿಯಲ್ಲೂ ಹಿಂದೆ. ಬರೋ ಗುರುವಾರ ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ. ಹತ್ತು ಲೆಕ್ಕ, ಒಂದು ಪುಟ ಓದು. ಎರಡರಲ್ಲಿ ಒಂದು ಕೈಕೊಟ್ರೂ ಮೂರನೇ ಕ್ಲಾಸಲ್ಲಿ ಕೂರಿಸಬೇಕಾಗುತ್ತೆ."

ಬೆಂಚು ಕೆರೆಯುವ ಸದ್ದು ನಿಂತಿತು.

ನನಗೆ ಸಿಟ್ಟು ಬಂತು. ಸಿಟ್ಟು ಬರಲು ನನಗೆ ಕಾರಣ ಬೇಕಾಗಿಯೂ ಇಲ್ಲ. "ಪಾಠ ಹೇಳೋದು ನಿಮ್ಮ ಕೆಲಸ ಅಲ್ವಾ ಟೀಚರ್? ನಾವು ಒಂದು ದಿನ ತಪ್ಪಿಸದೆ ಹೋಮ್‌ವರ್ಕ್ ಮಾಡಿಸ್ತೀವಿ. ಆ ಮಗು ಆಟ ಬಿಟ್ಟು ಕೂರುತ್ತೆ. ಇನ್ನೇನು ತಲೆ ಕೆಳಗೆ ಮಾಡಿ ನಿಲ್ಲಬೇಕಾ?"

"ಅದೇ ನಂಗೂ ಅರ್ಥ ಆಗ್ತಿಲ್ಲ," ಅಂದರು ಅವರು, ಬೇಸರ ಮಾಡಿಕೊಳ್ಳದೆ. "ಹೋಮ್‌ವರ್ಕ್ ಪೂರ್ತಿ ಇರುತ್ತೆ, ಅಕ್ಷರ ಅಚ್ಚುಕಟ್ಟು. ಅರ್ಧ, ಕಾಲು ಸರಿಯಾಗಿ ಗುರುತಿಸ್ತಾಳೆ. ಕೂಡೋದೆಲ್ಲ ತಪ್ಪು. ಇಲ್ಲಿ ನೋಡಿ."

ನೋಡಿದೆ. ಐದರಲ್ಲಿ ಒಂದು, ಐದರಲ್ಲಿ ಎರಡು, ಕೂಡಿದರೆ ಎಷ್ಟು ಎಂದು ಪ್ರಶ್ನೆ. ಬುಗುರಿ 3/10 ಎಂದು ದುಂಡಗೆ ಬರೆದಿದ್ದಳು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ, ಆದರೆ ಕೆಳಗಿನ ಸಂಖ್ಯೆ ಒಂದೇ ಇದ್ದರೆ ಅದನ್ನು ಮುಟ್ಟಬಾರದು ಅನ್ನುವುದು ಮರೆತಿಲ್ಲ.

"ಕೆಳಗಿಂದು ಯಾಕೆ ಕೂಡಿದೆ?" ಅಂದೆ.

ಬುಗುರಿ ಕಿಟಕಿಯ ಕಡೆ ನೋಡಿದಳು. ದಾರಿಯುದ್ದಕ್ಕೂ ನಾನು ಬೈದೆ, ಅವಳು ಒಂದು ಹೆಜ್ಜೆ ಹಿಂದೆ ಬಂದಳು. ಮೂರನೇ ಕ್ಲಾಸಿನವರ ಜೊತೆ ಊಟಕ್ಕೆ ಕೂರುವುದು, ಸ್ನೇಹಿತೆಯರು ಕಿಟಕಿಯಿಂದ ಇಣುಕಿ ನಗುವುದು, ಇದೆಲ್ಲ ನನ್ನ ಕಣ್ಣಿಗೇ ಕಟ್ಟುತ್ತಿತ್ತು. ಅವಳಿಗೆ ಕಟ್ಟದೆ ಇರುತ್ತದೆಯೇ? ಹೆದರಿಕೆಯಾದಷ್ಟೂ ನನ್ನ ಬಾಯಿ ಜೋರಾಗುತ್ತದೆ. ಅದು ನನ್ನ ಜಾಯಮಾನ.

ನಮ್ಮ ಮನೆಯ ವ್ಯವಸ್ಥೆ ಹೇಳಿಬಿಡುತ್ತೇನೆ. ಬುಗುರಿಯ ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಮಧ್ಯಾಹ್ನ ಡ್ಯೂಟಿಗೆ ಹೋದರೆ ಮಗು ಮಲಗಿದ ಮೇಲೆ ಬರುವುದು. ಹಾಗಾಗಿ ಹೋಮ್‌ವರ್ಕು ಅಕ್ಕ ತಮ್ಮ ನಮ್ಮಿಬ್ಬರ ಪಾಲಿಗೆ ಬಂದಿತ್ತು. ಓದಿಸುವುದು ನಾನು. ಭಿನ್ನರಾಶಿ ನನ್ನ ತಮ್ಮನದು. ಅವನೇ ಕೇಳಿ ಇಸಿದುಕೊಂಡದ್ದು. "ಭಿನ್ನರಾಶಿ ನಂಗೆ ಬಿಡಕ್ಕ, ದಿನಾ ಅದರಲ್ಲೇ ಮುಳುಗಿರ್ತೀನಿ," ಅಂದಿದ್ದ.

ಅವನು ಗಾಡಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಬಣ್ಣ ಬೆರೆಸುವವನು. ಯಾರದೋ ಕಾರಿನ ಒಂದು ಬಾಗಿಲು ನೆಗ್ಗಿರುತ್ತದೆ. ಅದನ್ನು ತಟ್ಟಿ, ಉಜ್ಜಿ, ಬಣ್ಣ ಹೊಡೆದರೆ ಉಳಿದ ಮೂರು ಬಾಗಿಲಿಗೆ ಹೊಂದಬೇಕು. ಬಿಸಿಲಲ್ಲಿ ಒಂದು, ನೆರಳಲ್ಲಿ ಒಂದು ಕಂಡರೆ ಮುಗಿಯಿತು, ಗಿರಾಕಿ ಗಲಾಟೆಗೆ ನಿಲ್ಲುತ್ತಾನೆ. ಹೊಂದಿಸುವುದರಲ್ಲಿ ನನ್ನ ತಮ್ಮ ಎತ್ತಿದ ಕೈ. ಆ ಹೆಮ್ಮೆ ಅವನಿಗೆ ಸ್ವಲ್ಪ ಜಾಸ್ತಿಯೇ ಇದೆ. ಜೊತೆಗಿದ್ದ ಉದ್ದಣ್ಣ ಅನ್ನುವವನು ಲೆಕ್ಕ ತಪ್ಪಿ ಬಿಳಿ ಕಾರಿಗೆ ಕೆನೆ ಬಣ್ಣ ಬೆರೆಸಿದ್ದು, ಓನರ್ ಅವನನ್ನು ಅಲ್ಲಿಂದಲೇ ಮನೆಗೆ ಕಳಿಸಿದ್ದು, ಈ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. "ಲೆಕ್ಕ ತಪ್ಪಿದವನಿಗೆ ನಮ್ಮಲ್ಲಿ ಜಾಗ ಇಲ್ಲ," ಎಂದು ಕೊನೆಗೊಂದು ಒಗ್ಗರಣೆ. ನಾವೆಲ್ಲ ಹೂಂ ಅನ್ನುತ್ತಿದ್ದೆವು.

ಆವತ್ತು ಸಂಜೆ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಬುಗುರಿಯನ್ನು ಕೂರಿಸಿ ಓದಲು ಶುರುಮಾಡಿಸಿದೆ. ಕೈ ಇಸ್ತ್ರಿಪೆಟ್ಟಿಗೆಯ ಮೇಲೆ, ಕಣ್ಣು ಬಟ್ಟೆಯ ಮೇಲೆ, ಕಿವಿ ಪಾಠದ ಮೇಲೆ. ಒಂದು ಕ್ಷಣ ಅತ್ತಿತ್ತ ನೋಡಿದರೆ ಯಾರದೋ ಅಂಗಿಯ ಬೆನ್ನಿನಲ್ಲಿ ಕಂದು ಕಲೆ. ಹಾಗಾಗಿ ಪುಸ್ತಕದ ಕಡೆ ನಾನು ತಲೆ ಎತ್ತುತ್ತಿರಲಿಲ್ಲ.

"ದೋಣಿಯವನು ಆಡನ್ನು ನೋಡಿ... ಆ... ಆಶ್..."

"ಆಸೆಪಟ್ಟ! ಮುಂದೆ."

"ಅತ್ತೆ, ಇಲ್ಲಿ ಇನ್ನೂ ಉದ್ದ ಇದೆ."

"ಉದ್ದ ಇದ್ರೇನು, ಅರ್ಥ ಅದೇ ತಾನೆ. ಎಳೀಬೇಡ, ಓದು."

"ಆಸೆಪಟ್ಟ. ಆಗ ನದಿ ತುಂಬಾ ನಿ... ನಿಶ್..."

"ನಿಧಾನವಾಗಿ ಹರೀತಿತ್ತು! ಹೂಂ, ಹೂಂ, ಓಡಿಸು."

ನನಗೆ ಕಾಯುವುದಕ್ಕೆ ಆಗುವುದೇ ಇಲ್ಲ. ಯಾರಾದರೂ ಮಾತಿನ ಮಧ್ಯೆ ತಡವರಿಸಿದರೆ ನನ್ನ ನಾಲಿಗೆ ತಾನಾಗಿ ಮುಂದೆ ಓಡುತ್ತದೆ. ಒತ್ತಕ್ಷರ ಬಂದ ಕಡೆಯೆಲ್ಲ ಬುಗುರಿ ನಿಲ್ಲುವಳು, ನನ್ನ ಕಡೆ ನೋಡುವಳು, ನಾನು ಪದ ಎಸೆಯುವೆ, ಅವಳು ಎತ್ತಿಕೊಂಡು ಮುಂದೆ ಹೋಗುವಳು. ಹೀಗೆ ಎರಡು ಅಂಗಿ, ಒಂದು ಲಂಗ ಇಸ್ತ್ರಿಯಾಗುವಷ್ಟರಲ್ಲಿ ಪುಟ ಮುಗಿಯುತ್ತಿತ್ತು. ಎಷ್ಟು ಸಲೀಸಾಗಿ ಓದಿಸುತ್ತೇನೆ ಎಂದು ನನಗೆ ನನ್ನ ಮೇಲೇ ಸಂತೋಷ. ಆ ಟೀಚರಿಗೆ ಓದಿಸಲು ಬರುವುದಿಲ್ಲ ಅಷ್ಟೆ ಎಂದುಕೊಂಡೆ.

ತಮ್ಮ ಬಂದ. ಕೈತೊಳೆದುಕೊಂಡು ಮಗಳನ್ನು ಅಂಗಡಿಯ ಹಿಂದಿನ ನಮ್ಮ ಅಡುಗೆಮನೆಗೆ ಕರೆದುಕೊಂಡು ಹೋದ. ದಿನವೂ ಆ ಹೊತ್ತಿಗೆ ಗಿರಾಕಿಗಳು ಬಟ್ಟೆ ಒಯ್ಯಲು ಬರುವುದರಿಂದ ಒಳಗೆ ಏನು ನಡೆಯುತ್ತದೆ ಎಂದು ನಾನು ನೋಡಿದವಳಲ್ಲ. ಆವತ್ತು ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಕಾಣದೆ ಹುಡುಕುತ್ತಾ ಒಳಗೆ ಹೋದೆ. ನೋಡಿದರೆ ಬಾಟಲಿ ಅವರ ಮುಂದೆಯೇ ಇದೆ. ಎರಡು ಲೋಟ, ಒಂದು ಪಾತ್ರೆ, ಒಂದು ಚಮಚ. ಇಬ್ಬರೂ ನೆಲದ ಮೇಲೆ ತಲೆಗೆ ತಲೆ ಕೊಟ್ಟು ಕೂತಿದ್ದರು.

"ಇದು ಒಂದಕ್ಕೆ ಐದು," ಅನ್ನುತ್ತಿದ್ದ ತಮ್ಮ. "ಒಂದು ಚಮಚ ನೀಲಿ, ಐದು ಚಮಚ ನೀರು. ಈ ಲೋಟ ಎರಡಕ್ಕೆ ಐದು. ಎರಡನ್ನೂ ಪಾತ್ರೆಗೆ ಸುರಿ. ಹಾಂ. ನೀಲಿ ಎಷ್ಟಾಯ್ತು?"

"ಮೂರು," ಅಂದಳು ಬುಗುರಿ.

"ನೀರು?"

"ಹತ್ತು."

"ಹಾಗಾದ್ರೆ?"

"ಮೂರಕ್ಕೆ ಹತ್ತು."

"ಭೇಷ್! ಮೇಲೆ ಮೂರು, ಕೆಳಗೆ ಹತ್ತು. ಬರಿ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಟೀಚರ್ ತೋರಿಸಿದ 3/10 ನೆನಪಾಯಿತು. "ಲೋ! ಏನೋ ಅದು ನೀನು ಹೇಳಿಕೊಡ್ತಿರೋದು?"

"ಭಿನ್ನರಾಶಿ."

"ಭಿನ್ನರಾಶಿ ಅಲ್ಲ, ನಿನ್ನ ತಲೆ!"

ಅವನು ನಕ್ಕ. ಅಕ್ಕನಿಗೆ ಏನು ಗೊತ್ತು ಅನ್ನುವ ನಗು. "ಅಕ್ಕ, ನಮ್ಮ ಗ್ಯಾರೇಜಲ್ಲಿ ಪ್ರತಿಯೊಂದು ಡಬ್ಬಿ ಮೇಲೂ ಹೀಗೇ ಬರೆದಿರುತ್ತೆ. ಒಂದು, ಓರೆ ಗೆರೆ, ಐದು. ಒಂದು ನೀಲಿಗೆ ಐದು ಬಿಳಿ. ಎರಡು ಡಬ್ಬಿ ಸೇರಿಸಿದ್ರೆ ಮೂರು ನೀಲಿಗೆ ಹತ್ತು ಬಿಳಿ. ಇಷ್ಟು ವರ್ಷ ಹೀಗೇ ಬೆರೆಸಿದೀನಿ. ಒಂದು ಗಾಡಿ ವಾಪಸ್ ಬಂದಿಲ್ಲ. ಕಣ್ಣಾರೆ ನೋಡು, ಬೇಕಾದ್ರೆ ಅಳೆದು ನೋಡು."

ಅವನ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ನನಗೂ ಒಂದು ಗಳಿಗೆ ತಲೆ ಬುಡ ತಿಳಿಯಲಿಲ್ಲ. ಪಾತ್ರೆಯಲ್ಲಿ ಮೂರು ಚಮಚ ನೀಲಿ, ಹತ್ತು ಚಮಚ ನೀರು ಇದ್ದದ್ದು ನಿಜವೇ. ಅಂಗಡಿಗೆ ಓಡಿ ಒಂದು ಚಾದರ ತಂದೆ. ಉದ್ದಕ್ಕೆ ಹಾಸಿ ಸಮನಾಗಿ ಐದು ಮಡಿಕೆ ಹಾಕಿ ಗೆರೆ ಮೂಡಿಸಿ ಮತ್ತೆ ಬಿಚ್ಚಿದೆ.

"ಇದು ಇಡೀ ಚಾದರ. ಐದು ಪಟ್ಟಿ. ಐದರಲ್ಲಿ ಒಂದು ಅಂದ್ರೆ ಇದು. ಐದರಲ್ಲಿ ಎರಡು ಅಂದ್ರೆ ಇವು. ಸೇರಿಸಿದ್ರೆ ಎಷ್ಟು ಪಟ್ಟಿ?" ಎಂದು ತಮ್ಮನನ್ನು ಕೇಳಿದೆ.

"ಮೂರು."

"ಎಷ್ಟರಲ್ಲಿ ಮೂರು?"

"ಐದರಲ್ಲಿ..." ಅವನ ದನಿ ಇಳಿಯಿತು.

"ನೀನು ಕೂಡಿದ ತಕ್ಷಣ ಚಾದರ ಬೆಳೆದು ಹತ್ತು ಪಟ್ಟಿ ಆಯ್ತಾ? ನಿನ್ನ ಡಬ್ಬೀಲಿ ಒಂದು ಆಚೆ ಕಡೆ, ಐದು ಈಚೆ ಕಡೆ. ಪುಸ್ತಕದ ಲೆಕ್ಕದಲ್ಲಿ ಆ ಒಂದೂ ಐದರ ಒಳಗೇ ಇರುತ್ತೆ ಕಣೋ! ಡಬ್ಬಿ ಲೆಕ್ಕ ಬೇರೆ, ಭಿನ್ನರಾಶಿ ಬೇರೆ!"

ಅವನು ಚಾದರ ನೋಡಿದ, ಪಾತ್ರೆ ನೋಡಿದ, ಮತ್ತೆ ಚಾದರ ನೋಡಿದ. ಅಷ್ಟಕ್ಕೆ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು! ತಪ್ಪು ಮಾಡಿದ್ದು ನೀನು, ಕೆಳಗಿನ ಕ್ಲಾಸಿಗೆ ಹೋಗೋದು ಆ ಮಗು! ನಿನಗೆ ಲೆಕ್ಕಾನೇ ಬರಲ್ಲ, ದೊಡ್ಡ—"

"ಅತ್ತೆ, ಸುಮ್ನಿರು!"

ಬುಗುರಿ ಎದ್ದು ಅಂಗಡಿಯ ಕಡೆ ಓಡಿದಳು. ಬೀದಿಯ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ಮುಚ್ಚಿದಳು. ಚಿಲಕ ಎಟುಕಲಿಲ್ಲ. ಬೆನ್ನು ಕೊಟ್ಟು ಬಾಗಿಲಿಗೆ ಒರಗಿ ನಿಂತಳು. ನಾವಿಬ್ಬರೂ ಹಿಂದೆಯೇ ಹೋದೆವು.

"ಜೋರಾಗಿ ಹೇಳಬೇಡ ಅತ್ತೆ. ಯಾರಾದ್ರೂ ಕೇಳಿಸಿಕೊಳ್ತಾರೆ."

"ಕೇಳಿಸಿಕೊಂಡ್ರೇನು?"

"ಗ್ಯಾರೇಜಿನವರಿಗೆ ಗೊತ್ತಾಗುತ್ತೆ."

ತಮ್ಮ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಏನು ಗೊತ್ತಾಗುತ್ತೆ, ಪುಟ್ಟ?"

ಅವಳು ಅಪ್ಪನ ಮುಖ ನೋಡಲಿಲ್ಲ. ನನಗೇ ಹೇಳಿದಳು. "ಅದು ಮೂರು, ಕೆಳಗೆ ಐದು ಅಂತ ನಂಗೆ ಗೊತ್ತು. ಟೀಚರ್ ಹೇಳಿಕೊಟ್ಟ ದಿನಾನೇ ಅರ್ಥ ಆಯ್ತು."

"ಗೊತ್ತಿದ್ದೂ ಹತ್ತು ಅಂತ ಯಾಕೆ ಬರೆದೆ?"

"ಟೀಚರ್‌ದು ಸರಿ ಅಂದ್ರೆ ಅಪ್ಪಂದು ತಪ್ಪು. ಅಪ್ಪಂದು ತಪ್ಪಾದ್ರೆ ಗಾಡಿಗಳೆಲ್ಲ ತಪ್ಪು. ಆಮೇಲೆ ಓನರ್ ಅಪ್ಪನ್ನ ಕೆಲಸದಿಂದ ತೆಗೀತಾರೆ, ಉದ್ದಣ್ಣನ್ನ ತೆಗೆದ ಹಾಗೆ."

"ಅದಕ್ಕೆ ನೀನು ಮೂರನೇ ಕ್ಲಾಸಿಗೆ ಹೋಗ್ತೀಯಾ?"

"ಹೋಗ್ತೀನಿ," ಅಂದಳು. "ಅಲ್ಲಿ ಭಿನ್ನರಾಶಿ ಇಲ್ಲ."

ಇಷ್ಟು ದಿನ ಈ ಗೇಣುದ್ದದ ಹುಡುಗಿ ಅಪ್ಪನ ಕೆಲಸವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ತಿರುಗಿದ್ದಾಳೆ, ನಾನು ಅವಳನ್ನು ಮಂದಬುದ್ಧಿ ಅಂದುಕೊಂಡು ಬೈದಿದ್ದೇನೆ. ತಮ್ಮ ಮಗಳ ಎರಡೂ ಕೈ ಹಿಡಿದುಕೊಂಡ.

"ನಾಳೆ ಶಾಲೆ ಬಿಟ್ಟ ಮೇಲೆ ಗ್ಯಾರೇಜಿಗೆ ಬಾ," ಅಂದ. "ಅಕ್ಕ, ನೀನೇ ಕರ್ಕೊಂಡು ಬಾ."

ಮರುದಿನ ಅಂಗಡಿಗೆ ಬೀಗ ಹಾಕಿ ಹೋದೆ. ಗ್ಯಾರೇಜಿನ ತುಂಬ ಬಣ್ಣದ ಘಾಟು. ಉಜ್ಜುವ ಯಂತ್ರದ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಬುಗುರಿ ನನ್ನ ಸೆರಗು ಬಿಡಲಿಲ್ಲ. ಓನರ್ ಭಾರೀ ಆಳು, ಮೀಸೆಯ ಮೇಲೂ ಗಾಡಿಗೆ ಮೆತ್ತುವ ಪುಟ್ಟಿಯ ಪುಡಿ. ನನ್ನ ತಮ್ಮ ನಮ್ಮನ್ನು ಕಂಡವನೇ ಯಂತ್ರ ನಿಲ್ಲಿಸಿದ. ಎಲ್ಲರೂ ತಿರುಗಿ ನೋಡಿದರು.

"ಓನರ್, ಒಂದು ಮಾತು," ಅಂದ ಗಟ್ಟಿಯಾಗಿ. "ನಂಗೆ ಭಿನ್ನರಾಶಿ ಬರಲ್ಲ. ಮಗಳಿಗೆ ಇಷ್ಟು ದಿನ ತಪ್ಪು ಹೇಳಿಕೊಟ್ಟಿದೀನಿ."

"ಏನು ರಾಶಿ?"

"ಶಾಲೆ ಲೆಕ್ಕ."

"ಅದಕ್ಕೂ ಈ ಕಾರಿಗೂ ಏನಯ್ಯ ಸಂಬಂಧ? ಯಂತ್ರ ಯಾಕೆ ನಿಲ್ಲಿಸಿದೆ?"

ಸೆರಗಿನ ಹಿಂದಿನಿಂದ ಬುಗುರಿಯ ದನಿ ಬಂತು. "ತೆಗೀತೀರಾ?"

"ಏನನ್ನ?"

"ಅಪ್ಪನ್ನ. ಕೆಲಸದಿಂದ."

ಓನರ್ ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು. ಒಳಗಿನದು ಎಷ್ಟು ಅರ್ಥವಾಯಿತೋ ನಾನು ಹೇಳಲಾರೆ. ಆದರೆ ಆ ಮನುಷ್ಯ ನಗಲಿಲ್ಲ. ಅದಕ್ಕೆ ಅವರಿಗೆ ನೂರು ವರ್ಷ ಆಯಸ್ಸು ಸಿಗಲಿ. ಮೂಲೆಯಲ್ಲಿ ನಿಂತಿದ್ದ ಹಸಿರು ಕಾರಿನ ಹತ್ತಿರ ಅವಳನ್ನು ಕರೆದರು.

"ಇದರಲ್ಲಿ ಒಂದು ಬಾಗಿಲು ನಿಮ್ಮಪ್ಪ ಬೆರೆಸಿದ ಬಣ್ಣದ್ದು. ಮಿಕ್ಕಿದ್ದು ಕಂಪನಿದು. ಯಾವುದು ಅಂತ ಕಂಡುಹಿಡಿ. ಕಂಡುಹಿಡಿದ್ರೆ ತೆಗೀತೀನಿ."

ತಮ್ಮನ ಮುಖ ಬಿಳಿಚಿತು. ತಮಾಷೆಗೂ ಒಂದು ಮಿತಿ ಬೇಡವೇ? ಬುಗುರಿ ಮಾತ್ರ ಕಾರಿನ ಸುತ್ತ ಹೊರಟಳು. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಬಣ್ಣ ಮುಟ್ಟಬಾರದೆಂದು ಅಪ್ಪ ಹೇಳಿಕೊಟ್ಟಿದ್ದ. ಒಂದೊಂದು ಬಾಗಿಲಿಗೂ ಮೂಗು ತಾಗುವಷ್ಟು ಬಗ್ಗಿದಳು. ದೂರ ಹೋಗಿ ನೋಡಿದಳು. ಕೂತು ನೋಡಿದಳು. ಇನ್ನೊಂದು ಸುತ್ತು ಹೋದಳು. ಎಲ್ಲರೂ ಕೆಲಸ ಬಿಟ್ಟು ನಿಂತಿದ್ದರು. ಮೂರನೆಯ ಸುತ್ತು ಮುಗಿಸಿ ಓನರ್ ಮುಂದೆ ಬಂದು ನಿಂತಳು.

"ಗೊತ್ತಾಗ್ತಿಲ್ಲ," ಅಂದಳು. ಅಂದವಳೇ ಕುಣಿಯತೊಡಗಿದಳು. "ಗೊತ್ತಾಗ್ತಿಲ್ಲ! ಅಪ್ಪ, ಗೊತ್ತೇ ಆಗ್ತಿಲ್ಲ!"

ಉತ್ತರ ಗೊತ್ತಿಲ್ಲವೆಂದು ಅಷ್ಟು ಸಂತೋಷಪಟ್ಟ ಮಗುವನ್ನು ನಾನು ಕಂಡಿಲ್ಲ. ತಮ್ಮ ಬಣ್ಣದ ಕೈಯ ತೋಳಿನಿಂದ ಕಣ್ಣು ಒರೆಸಿಕೊಂಡ. ಓನರ್ "ಸಿನಿಮಾ ಮುಗೀತು, ಯಂತ್ರ ಹಾಕ್ರಯ್ಯ," ಎಂದು ಗದರಿದರು.

ಆಮೇಲೆ ಭಿನ್ನರಾಶಿ ನೀರು ಕುಡಿದಷ್ಟು ಸಲೀಸಾಯಿತು. ದಿನವೂ ಅಡುಗೆಮನೆಯಲ್ಲಿ ಚಾದರ ಹಾಸಿಕೊಂಡು ಇಬ್ಬರೂ ಕೂರುತ್ತಿದ್ದರು. ಈಗ ಹೇಳಿಕೊಡುತ್ತಿದ್ದವಳು ಬುಗುರಿ, ತಪ್ಪುತ್ತಿದ್ದವನು ಅವಳಪ್ಪ. "ಅಪ್ಪ, ಮತ್ತೆ ಡಬ್ಬಿ ಲೆಕ್ಕ ಮಾಡಿದ್ರಿ!" ಎಂದು ಅವಳು ಕೂಗುವುದು ಅಂಗಡಿಗೆ ಕೇಳುತ್ತಿತ್ತು. ನನಗೋ, ಬಿಂಕ. ತಮ್ಮನನ್ನು ದಿನಕ್ಕೆರಡು ಸಲವಾದರೂ ಚುಚ್ಚುತ್ತಿದ್ದೆ. "ನನ್ನ ಪಾಲಿನ ಕೆಲಸ ನೋಡು, ಒಂದು ಪುಟ ನಿಂತಿದೆಯಾ? ನಾನು ಓದಿಸಿದ್ರೆ ರೈಲು ಓಡಿದ ಹಾಗೆ," ಅನ್ನುತ್ತಿದ್ದೆ. ಅವನು ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದ.

ಗುರುವಾರ ಬಂತು. ಒಂದೇ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿದೆ. ಶಾಲೆ ಬಿಡುವ ಹೊತ್ತಿಗೆ ಹೋಗಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ, ಟೀಚರ್ ಒಪ್ಪಿಗೆ ಪಡೆದು, ಕೂತೆ. ಬುಗುರಿ ಮುಂದೆ ಕೂತು ಲೆಕ್ಕ ಬರೆಯುತ್ತಿದ್ದಳು. ಬರೆದು ಕೊಟ್ಟಳು. ಟೀಚರ್ ಕೆಂಪು ಪೆನ್ನು ಹಿಡಿದು ನೋಡುತ್ತಾ ಹೋದರು, ಹುಬ್ಬು ಮೇಲೇರುತ್ತಾ ಹೋಯಿತು.

"ಎರಡು ಬಿಟ್ಟು ಎಲ್ಲ ಸರಿ! ಏನಮ್ಮ ಇದು, ಒಂದು ವಾರದಲ್ಲಿ?"

ಬೆಂಚಿನಿಂದ ಹಾರಿ ಅವಳನ್ನು ಎತ್ತಿಕೊಳ್ಳೋಣ ಅನ್ನಿಸಿತು. ಇನ್ನು ಓದು ತಾನೆ, ಗೆದ್ದಂತೆಯೇ ಎಂದುಕೊಂಡೆ. ಟೀಚರ್ ಅವಳು ಕಾಣದ ಹೊಸ ಪುಟವೊಂದನ್ನು ತೆಗೆದುಕೊಟ್ಟರು.

ಮೊದಲ ಸಾಲು ಚೆನ್ನಾಗಿ ಓದಿದಳು. ಎರಡನೆಯ ಸಾಲಿನ ಮಧ್ಯೆ "ವಿಸ್..." ಅಂದು ನಿಂತಳು. ತಲೆ ಎತ್ತಿದಳು. ಹಿಂತಿರುಗಿ ನನ್ನ ಕಡೆ ನೋಡಿದಳು.

ನನ್ನ ಬಾಯಿ ತೆರೆದೇಬಿಟ್ಟಿತ್ತು. ಟೀಚರ್ ಬೆರಳು ತುಟಿಗೆ ಇಟ್ಟುಕೊಂಡು ತಲೆ ಅಲ್ಲಾಡಿಸಿದರು. ಮುಚ್ಚಿಕೊಂಡೆ.

ಬುಗುರಿ ಕಾದಳು. ಪುಸ್ತಕ ನೋಡಲಿಲ್ಲ, ಅಕ್ಷರ ಕೂಡಿಸಲಿಲ್ಲ, ತುಟಿ ಸಹ ಅಲ್ಲಾಡಿಸಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನನ್ನನ್ನು ನೋಡುತ್ತಾ ನಿಂತಿದ್ದಳು. ಪದ ಬರುತ್ತದೆ ಎಂದು ಅವಳಿಗೆ ಅಷ್ಟು ನಂಬಿಕೆ. ಟೀಚರ್ "ಬಿಡು, ಮುಂದಿನ ಸಾಲು," ಅಂದರು. ಅಲ್ಲಿಯೂ ಒಂದು ಒತ್ತಕ್ಷರಕ್ಕೆ ನಿಂತಳು, ಅಲ್ಲಿಯೂ ತಿರುಗಿದಳು. ಮತ್ತೊಂದು ಸಾಲಿನಲ್ಲೂ ಅದೇ ಆಯಿತು.

ಟೀಚರ್ ಪುಸ್ತಕ ಮಡಚಿದರು. "ಇದೇ ನೋಡಿ. ದಿನಾ ಕ್ಲಾಸಲ್ಲೂ ಹೀಗೇ. ಅರ್ಧ ಪದಕ್ಕೆ ನಿಲ್ಲಿಸಿ ಪಕ್ಕಕ್ಕೆ ನೋಡ್ತಾಳೆ. ಅಲ್ಲಿ ಯಾರೂ ಇರಲ್ಲ."

ಅಲ್ಲಿ ಇರಬೇಕಾಗಿದ್ದವಳು ನಾನು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರಂತೆ, ಅದು ನನ್ನನ್ನು ನೋಡಿಯೇ ಹೇಳಿದ ಮಾತು. ವಾರವಿಡೀ ತಮ್ಮನನ್ನು ಚುಚ್ಚಿದ್ದೆಲ್ಲ ನೆನಪಾಯಿತು. ಅವನಾದರೋ ಕೂತು, ಅಳೆದು, ಮಗು ಹೇಳುವವರೆಗೆ ಕಾದು ಕಲಿಸಿದ್ದ. ತಪ್ಪನ್ನೇ ಕಲಿಸಿರಬಹುದು, ಆದರೆ ಅವಳ ಕೈಯಲ್ಲಿ ಮಾಡಿಸಿದ್ದ. ನಾನು ಏನನ್ನೂ ಮಾಡಲು ಬಿಟ್ಟಿರಲಿಲ್ಲ.

"ಟೀಚರ್," ಅಂದೆ. "ಇದು ಅವಳ ತಪ್ಪಲ್ಲ. ಮನೇಲಿ ಅವಳು ಬಾಯಿ ತೆರೆಯೋ ಮುಂಚೆ ನಾನು ಹೇಳಿಬಿಡ್ತೀನಿ. ನಾನು ಆಚೆ ಹೋಗ್ತೀನಿ. ಇನ್ನೊಂದೇ ಒಂದು ಸಲ ಓದಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬುಗುರಿ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. "ಅತ್ತೆ, ಹೋಗಬೇಡ. ನೀನಿಲ್ಲದೆ ನಂಗೆ ಬರಲ್ಲ."

ಇಷ್ಟು ದಿನ ಈ ಮಾತು ಕೇಳಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ಈಗ ಕೇಳಿ ಸಂಕಟವಾಯಿತು. ಅವಳ ಮುಖ ಎತ್ತಿ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನೋಡೇ ಬುಗುರಿ, ಪುಸ್ತಕದಲ್ಲಿ ಏನಿದೆ ಅಂತ ನಂಗೆ ಯಾವತ್ತೂ ಗೊತ್ತಿರಲಿಲ್ಲ. ನಾನು ನೋಡ್ತಿದ್ದದ್ದು ಬಟ್ಟೇನ. ಬಾಯಿಗೆ ಬಂದದ್ದು ಹೇಳಿಬಿಡ್ತಿದ್ದೆ. ಎಷ್ಟು ಸರಿನೋ, ಎಷ್ಟು ತಪ್ಪೋ. ಅದರಲ್ಲಿ ಏನು ಬರೆದಿದೆ ಅಂತ ನೋಡಿದವಳು ನೀನೊಬ್ಬಳೇ."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಇಷ್ಟು ದಿನ ಸುಳ್ಳು ಹೇಳ್ತಿದ್ಯಾ?"

"ಸುಳ್ಳಲ್ಲ. ಸುಮ್ಮನೆ ಊಹೆ."

ತೋಳು ಸಡಿಲವಾಯಿತು. ನಾನು ಹಿಂತಿರುಗಿ ನೋಡದೆ ಹೊರಗೆ ಬಂದೆ. ಮೆಟ್ಟಿಲ ಹತ್ತಿರ ನಿಂತರೆ ಕಿವಿಗೆ ಬಿದ್ದೀತು, ಕಿವಿಗೆ ಬಿದ್ದರೆ ಬಾಯಿ ತೆರೆದೀತು ಎಂದು ಗೇಟು ದಾಟಿ ರಸ್ತೆಯ ಆಚೆ ಬದಿಗೆ ಹೋದೆ. ಅಲ್ಲಿಂದ ಕ್ಲಾಸಿನ ಕಿಟಕಿ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದೆ. ಮತ್ತೆ ನಡೆದೆ. ಸೈಕಲ್ ರಿಪೇರಿಯವನು "ಏನು ಕಳೆದುಹೋಯ್ತಮ್ಮ?" ಎಂದು ಕೇಳಿದ. "ನಿನ್ನ ಕೆಲಸ ನೋಡಯ್ಯ," ಅಂದೆ. ಈಗ ಯಾವ ಪದದಲ್ಲಿ ನಿಂತಿದ್ದಾಳೋ, ಪಕ್ಕಕ್ಕೆ ನೋಡುತ್ತಿದ್ದಾಳೋ, ಪುಸ್ತಕ ನೋಡುತ್ತಿದ್ದಾಳೋ. ಇಷ್ಟು ಹೊತ್ತು ಒಂದು ಪುಟಕ್ಕೆ ಯಾರಿಗಾದರೂ ಬೇಕೇ? ನಾನು ಅಲ್ಲಿದ್ದಿದ್ದರೆ ಯಾವಾಗಲೋ ಮುಗಿದಿರುತ್ತಿತ್ತು.

ಕೊನೆಗೆ ಗೇಟಿನ ಹತ್ತಿರ ಟೀಚರ್ ಕಂಡರು, ಜೊತೆಗೆ ಬುಗುರಿ. ಗಾಡಿ ಬರುತ್ತಿದೆಯೇ ಎಂದು ಸಹ ನೋಡದೆ ರಸ್ತೆ ದಾಟಿದೆ.

"ನಿಧಾನ. ತುಂಬಾ ನಿಧಾನ," ಅಂದರು ಟೀಚರ್. "ಕೆಲವು ಕಡೆ ತಪ್ಪಿದಳು, ತಾನೇ ಹಿಂದೆ ಹೋಗಿ ತಿದ್ದಿಕೊಂಡಳು. ಕೊನೇ ಸಾಲಿನವರೆಗೂ ಬಂದಳು. ನನ್ನ ಕ್ಲಾಸಲ್ಲೇ ಇರಲಿ."

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಟೀಚರ್ ಕೈ ಹಿಡಿದುಕೊಂಡು ಏನೇನೋ ಹೇಳಿದೆ. ಮನೆಯ ದಾರಿ ಹಿಡಿದೆವು. ಬುಗುರಿ ಇವತ್ತು ನನ್ನ ಹಿಂದೆ ಬರಲಿಲ್ಲ. ಮುಂದೆ ಮುಂದೆ ಹಾರುತ್ತಾ ಹೋಗುತ್ತಿದ್ದಳು. ಅಂಗಡಿಯ ಬೀಗ ತೆಗೆಯುವಾಗ ತಿರುಗಿ ನಿಂತಳು.

"ಅತ್ತೆ, ಇನ್ನು ಮೇಲೆ ನಾನು ಒಳಗಡೆ ಓದ್ಕೋತೀನಿ. ನೀನು ಇಲ್ಲೇ ಇರು."

"ಯಾಕೇ?"

"ನೀನು ಪಕ್ಕದಲ್ಲಿ ಇಲ್ದೇ ಇದ್ರೆ ಪದ ಬರುತ್ತೆ." ಸ್ವಲ್ಪ ಯೋಚಿಸಿ, "ಬೇಜಾರಾಯ್ತಾ?" ಅಂದಳು.

"ಆಯ್ತು ಕಣೇ," ಅಂದೆ. ಆಗಿತ್ತು. ಸಂತೋಷವೂ ಆಗಿತ್ತು.

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಬಟ್ಟೆ ಎತ್ತಿಕೊಂಡೆ. ಓದುವ ದನಿ ಬಂತು, ಒಂದು ಕಡೆ ನಿಂತಿತು. ನನ್ನ ನಾಲಿಗೆಯ ತುದಿಗೆ ಆಗಲೇ ಒಂದು ಪದ ಬಂದಿತ್ತು. ತುಟಿ ಕಚ್ಚಿಕೊಂಡೆ. ಎಷ್ಟೋ ಹೊತ್ತಾಯಿತು. ಆಮೇಲೆ ಒಳಗಿನಿಂದ ಬಂದದ್ದು ನಾನು ಅಂದುಕೊಂಡ ಪದವಲ್ಲ, ಬೇರೆಯೇ. ಅದು ಸರಿಯೋ ತಪ್ಪೋ ಹೇಳಲು ನನ್ನ ಹತ್ತಿರ ಪುಸ್ತಕ ಇರಲಿಲ್ಲ.